ನಾಲ್ಕು ತೂತಿನ ಗುಂಡಿ

ಎರ್ಜುರುಮ್‌ನ ಆಸ್ಪತ್ರೆಯ ನೆಲಮಾಳಿಗೆಗೆ ಎರಡು ಬಾಗಿಲು.
ಎಡಕ್ಕೆ ತಿರುಗಿದರೆ ಶವಾಗಾರ, ಬಲಕ್ಕೆ ನಾನು.
ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ,
ಕಿಟಕಿಯ ಮುಕ್ಕಾಲು ಪಾಲು ಹಿಮ.
ಹತ್ತೊಂಬತ್ತು ವರ್ಷದಿಂದ ಬಿಳಿ ಕೋಟುಗಳ ದರ್ಜಿ.

ಯಾರೂ ನನಗೆ ಏನೂ ಹೇಳುವುದಿಲ್ಲ. ಬಟ್ಟೆ ಹೇಳುತ್ತದೆ.
ಕಾಲರು ಜಗ್ಗಿದ್ದರೆ ಎದುರೆದುರೇ ಹಿಡಿದದ್ದು.
ಹೆಗಲ ಹೊಲಿಗೆ ಬಿಟ್ಟಿದ್ದರೆ
ಓಡುವವರನ್ನು ಹಿಂದಿನಿಂದ ಎಳೆದದ್ದು.
ಜೇಬು ಹರಿದು ನೇತಾಡುತ್ತಿದ್ದರೆ ಪೆನ್ನು ಕಿತ್ತುಕೊಂಡಿದ್ದಾರೆ;
ಪೆನ್ನಿನಿಂದ ಏನು ಮಾಡಿದರೋ, ಕೇಳಬಾರದು.

ನರ್ಸ್ ಇಸ್ಮಿಗುಲ್‌ಳ ಅಂಗಿಯ ಮೇಲೆ ಚಹಾ.
ಕುಡಿಯುವಾಗ ಚೆಲ್ಲಿದ ಚಹಾ ಕೆಳಗಿಳಿಯುತ್ತದೆ,
ಎರಚಿದ್ದು ಹರಡುತ್ತದೆ.
ಉಪ್ಪು ಹಚ್ಚಿದೆ, ನಿಂಬೆ ಉಜ್ಜಿದೆ. ಕಲೆ ಹೋಗಲಿಲ್ಲ.
ಅವಳು ಹೋದಳು, ಟ್ರಾಬ್‌ಜೋನ್‌ಗೆ,
ಮೀನಂಗಡಿಯ ಲೆಕ್ಕ ಬರೆಯಲು.

ಜನವರಿಯಲ್ಲಿ ನನ್ನ ಗಂಡನಿಗೆ ಎದೆನೋವು.
ನಾನು ಅಕ್ಕನ ಊರಲ್ಲಿದ್ದೆ, ದಾರಿ ಹಿಮಕ್ಕೆ ಮುಚ್ಚಿತ್ತು.
ಮಗ ಸೆಲಾಮಿ ಕರೆದೊಯ್ದ.
ಮೂರು ತಾಸು ಕಾಯಿಸಿದರಂತೆ.
ಬಸ್ಸು ಮಗುಚಿ ಹದಿನೇಳು ಜನ ಬಂದಿದ್ದರಂತೆ.
ಈ ಎರಡನೆಯ ‘ಅಂತೆ’ ಮಗ ಹೇಳಿದ್ದಲ್ಲ.

ಗಂಡ ಬದುಕಿದ್ದಾನೆ.
ಬೇಡವೆಂದರೂ ಹಲ್ಲಿನ ನಡುವೆ ಸಕ್ಕರೆಗಟ್ಟಿ ಕಚ್ಚಿ
ಸೊರ್ರೆಂದು ಚಹಾ ಹೀರುತ್ತಾನೆ.

ಒಗೆಯಲೆಂದು ಮಗನ ಪ್ಯಾಂಟಿನ ಜೇಬು ತಿರುವಿದೆ.
ಹೊಗೆಸೊಪ್ಪಿನ ಪುಡಿ, ಬಸ್ಸಿನ ಚೀಟಿ, ಒಂದು ಗುಂಡಿ.
ಬಿಳಿ. ನಾಲ್ಕು ತೂತು. ತೂತುಗಳಲ್ಲಿ ಇನ್ನೂ ದಾರ.
ಎಲ್ಲರೂ ಅಡ್ಡಡ್ಡ ಹೊಲಿಯುತ್ತಾರೆ.
ನಾನೊಬ್ಬಳೇ ಕಾಗೆಯ ಕಾಲಿನ ಹಾಗೆ,
ಒಂದು ತೂತಿನಿಂದ ಮಿಕ್ಕ ಮೂರಕ್ಕೆ.
ಹೆತ್ತವಳಿಗೆ ಹೆಗ್ಗಣವೂ ಮುದ್ದು.
ಹೊಲಿದವಳಿಗೆ?

ಬೆಳಿಗ್ಗೆ ಕೋಟು ಬಂತು. ಒಳಮಡಿಕೆಯಲ್ಲಿ ಹೆಸರು: ಡಾ. ಬೆರಿನ್.
ಎರಡನೆಯ ಗುಂಡಿಯ ಜಾಗದಲ್ಲಿ ಬಟ್ಟೆಯೇ ಕಿತ್ತು ಬಂದಿತ್ತು.
ಡಬ್ಬಿಯಲ್ಲಿ ಇನ್ನೂರು ಗುಂಡಿಗಳಿವೆ, ಒಂದರ ಹಾಗೆ ಇನ್ನೊಂದು.
ಆದರೂ ಅದನ್ನೇ ಹಾಕಿದೆ,
ಒಳಗೆ ತೇಪೆ ಕೊಟ್ಟು, ಎರಡೆಳೆಯ ಕಡೆ ನಾಲ್ಕೆಳೆ.

ಸಂಜೆ ಅವಳೇ ಇಳಿದು ಬಂದಳು.
ಕುತ್ತಿಗೆಗೆ ಶಾಲು. ಇಲ್ಲಿ ಬಾಯ್ಲರಿನ ಪಕ್ಕ ಅಷ್ಟು ಚಳಿಯಿಲ್ಲ.
ಗುಂಡಿ ತಡವಿ, “ಇನ್ನು ಎಳೆದರೆ
ಗುಂಡಿಯ ಜೊತೆ ನಾನೇ ಕಿತ್ತು ಬರಬೇಕು” ಎಂದು ನಕ್ಕಳು,
ತುಟಿಯ ಒಂದೇ ಪಕ್ಕದಿಂದ.
ಮೆಟ್ಟಿಲ ಹತ್ತಿರ ನಿಂತು ತಿರುಗಿ,
“ನಿಮ್ಮ ಯಜಮಾನರು ಹೇಗಿದ್ದಾರೆ?”

ಗೊತ್ತಿತ್ತೋ, ಗೊತ್ತಿರಲಿಲ್ಲವೋ.
ನಾನು ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದೆ. ತೆಗೆಯಲಿಲ್ಲ.

ಮನೆಗೆ ಹೋದಾಗ ಸೆಲಾಮಿ
ಒಣಗಿದ ಪ್ಯಾಂಟಿನ ಜೇಬು ತಡಕುತ್ತಿದ್ದ.
ಏನು ಬೇಕಿತ್ತು ಎಂದೆ. ಏನಿಲ್ಲ ಎಂದ.
ಹೆಸರು ಹೇಳು ಎಂದೆ, ಆ ಡಾಕ್ಟರದ್ದು.
ಅವನಿಗೆ ಗೊತ್ತಿರಲಿಲ್ಲ.