ಒರೆಸಬೇಡಿ

ಎಣ್ಣೆಬಟ್ಟೆ ಮುಟ್ಟಿಸಿಲ್ಲ ತಾನೆ?
ಯಾರು ಬಂದರೂ ನನ್ನ ಮೊದಲ ಮಾತು ಇದೇ.
ಇಲ್ಲ ಎಂದಳು ಆರ್ಡಿತ್.
ಸ್ಕೂಲ್ ಬಸ್ಸಿನ ಸ್ಟೀರಿಂಗು ತಿರುಗಿಸಿ ತಿರುಗಿಸಿ ಗಟ್ಟಿಯಾದ ಕೈಯಲ್ಲಿ
ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು,
ಆಗಷ್ಟೇ ಮೀಯಿಸಿ ತಂದ ಕೂಸಿನಂತೆ
ಟವೆಲಿನ ಮಡಿಕೆ ಬಿಡಿಸಿದಳು.

ನೆಬ್ರಾಸ್ಕಾದ ಈ ಊರಲ್ಲಿ ಮಾರ್ಚ್ ಎಂದರೆ
ಅರ್ಧ ಹಿಮ, ಅರ್ಧ ಕೆಸರು.
ಮುದುಕರು ಹೋಗುವುದೂ ಆಗಲೇ ಹೆಚ್ಚು.
ಏಪ್ರಿಲ್ ಹೊತ್ತಿಗೆ ನನ್ನ ಮೇಜಿನ ಮೇಲೆ
ಲ್ಯೂಗರು, ವಾಲ್ಟರು, ಮೌಸರು:
ಬೀರುವಿನ ತಳದಿಂದ, ಕಾಲುಚೀಲದೊಳಗಿಂದ,
ಒಮ್ಮೆ ಹಿಟ್ಟಿನ ಡಬ್ಬಿಯಿಂದ.
ಒಂದೊಂದರ ಬೆನ್ನಿಗೂ ಒಂದು ಕಥೆ.
ಕಥೆಗೆ ನಾನು ಬೆಲೆ ಕಟ್ಟುವುದಿಲ್ಲ,
ಬೋರ್ಡಿನಲ್ಲೇ ಬರೆದು ಹಾಕಿದ್ದೇನೆ.

ಖಾಲಿ ಇದೆಯೇ, ನೋಡಿದೆ. ಖಾಲಿ.
ಆಮೇಲೆ ಭೂತಗನ್ನಡಿ.
ಸ್ಲೈಡಿನ ಮೇಲೆ ನಾಲ್ಕು ನಾಲ್ಕು ಒಂದು ಏಳು, ಬಿ.
ಫ್ರೇಮಿನ ಮೇಲೆ ಅದೇ. ಬ್ಯಾರೆಲಿನ ಮೇಲೂ ಅದೇ.
ಹದ್ದಿನ ಮುದ್ರೆ, ಅದರಡಿ ಮುನ್ನೂರೈವತ್ತೊಂಬತ್ತು,
ಅಂಚು ಇನ್ನೂ ಚೂಪು.
ಮರುಬಣ್ಣ ಕಂಡ ಕಬ್ಬಿಣದಲ್ಲಿ
ಹದ್ದಿಗೆ ಜ್ವರ ಬಂದಂತಿರುತ್ತದೆ, ರೆಕ್ಕೆ ಊದಿಕೊಂಡು.
ಇದು ಹಾಗಿಲ್ಲ. ಯಂತ್ರದ ಗೀರುಗಳೂ ಹಾಗೇ ಇವೆ:
ಸೋಲು ಹೊಸ್ತಿಲಿಗೆ ಬಂದು ಕೂತಾಗ
ಯಾರಿಗಿತ್ತು ಒಪ್ಪ ಹಾಕುವ ಪುರಸೊತ್ತು?
'ಅಸಲಿ' ಎಂದೆ. 'ನೂರಕ್ಕೆ ನೂರು.'

ಅವಳು ಉಸಿರು ಬಿಟ್ಟು ಹೇಳತೊಡಗಿದಳು.
ನಲವತ್ತನಾಲ್ಕು, ಕ್ರಿಸ್‌ಮಸ್ಸಿಗೆ ಎರಡು ದಿನ,
ಬೆಲ್ಜಿಯಮ್ಮಿನ ಕಾಡು. ಮರದ ಬುಡದಲ್ಲೊಬ್ಬ ಅಧಿಕಾರಿ,
ಇಪ್ಪತ್ತೋ ಇಪ್ಪತ್ತೊಂದೋ.
ಅಪ್ಪ ಲೆಲ್ಯಾಂಡನ ಗುಂಡು ಮೊದಲು ಹಾರಿತು.
ಆ ಹುಡುಗನ ಸೊಂಟದಿಂದ ಬಿಚ್ಚಿಕೊಂಡಾಗ
ಇದು ಇನ್ನೂ ಬೆಚ್ಚಗಿತ್ತಂತೆ.
ಪ್ರತಿ ಡಿಸೆಂಬರು, ಮೂರನೇ ಗ್ಲಾಸಿನ ನಂತರ, ಇಷ್ಟೇ.
ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಅಲ್ಲಿಗೇ ನಾನು ಗಾಜು ಕೆಳಗಿಡಬೇಕಿತ್ತು.
ಸ್ಲೈಡಿನ ಎಡಕ್ಕೆ, ಜೋಳದ ಕಾಳಿಗಿಂತ ಸಣ್ಣಕ್ಕೆ:
ಎಸಿ, ನಲವತ್ತೈದು.
ಆ ಕ್ರಿಸ್‌ಮಸ್ಸಿಗೆ ಇದು ಹುಟ್ಟೇ ಇರಲಿಲ್ಲ.
ಎಲ್ಲೋ ಒಂದು ಕಬ್ಬಿಣದ ಸರಳಾಗಿತ್ತು.

ಹೇಳಿಬಿಟ್ಟೆ. ನಲವತ್ತು ವರ್ಷದ ರೂಢಿ, ನಾಲಿಗೆ ತಡೆಯಲಿಲ್ಲ.
ಹೊರಗೆ ಧಾನ್ಯದ ಲಾರಿಯೊಂದು ಗೇರು ಬದಲಿಸಿತು.

'ಎರಡು ಪ್ಯಾಕು ಸಿಗರೇಟಿಗೆ ಕೊಂಡದ್ದಿರಬೇಕು' ಎಂದೆ,
'ಮರುವರ್ಷ ಮೇ ತಿಂಗಳಲ್ಲಿ ಅಲ್ಲಿ ಸಂತೆಯೇ ನೆರೆದಿತ್ತು.'
ಕಲಾಯಿ ಹಾಕಿದ ಕಥೆ ನೂರು ಕೇಳಿದ್ದೇನೆ.
ಕೊಂಡದ್ದು ಕಿತ್ತುಕೊಂಡದ್ದಾಗುತ್ತದೆ,
ಪಾತ್ರೆ ತೊಳೆದವನು ಸೇತುವೆ ಹಿಡಿಯುತ್ತಾನೆ.
ಯಾರೂ ಇಂಥ ಕಥೆಯೊಳಗೆ ಬೆವರುವುದಿಲ್ಲ.

ಆರ್ಡಿತ್ ಕೇಳಿದಳು:
'ಹಾಗಾದರೆ ಅಪ್ಪ ನಿದ್ದೆಯಲ್ಲಿ
ಕ್ಷಮಿಸು ಕ್ಷಮಿಸು ಅನ್ನುತ್ತಿದ್ದದ್ದು ಯಾರಿಗೆ?'

ಮುದ್ರೆಗಳ ಪುಸ್ತಕ ನನ್ನಲ್ಲಿ ಹನ್ನೊಂದಿವೆ.

ಪಟ್ಟಿ ಮುಗಿಸಬೇಕಿತ್ತು. ದೋಷ ಒಂದೇ:
ಆ ಸಣ್ಣ ಮುದ್ರೆಯ ಪಕ್ಕ ಕಂದು ತುಕ್ಕು,
ಮೊಟ್ಟೆಯಾಕಾರ, ಒಳಗೆ ಸುಳಿಸುಳಿ ಗೆರೆ.
ಹೆಬ್ಬೆರಳು. ಅದೇ ಜಾಗ, ವರ್ಷಗಟ್ಟಲೆ, ಕತ್ತಲಲ್ಲಿ.
ಪದ್ಧತಿಯಂತೆ ನೂರೈವತ್ತು ಡಾಲರು ಕಡಿತ.
ಬರೆದೆ. ಬರೆದು ಪೆನ್ನು ಎತ್ತಿ ಹಿಡಿದೇ ಇದ್ದೆ.

ಅವಳು ತನ್ನ ಹೆಬ್ಬೆರಳನ್ನು ಆ ಕಲೆಯ ತನಕ ತಂದಳು,
ಮುಟ್ಟಲಿಲ್ಲ, ಕೂದಲೆಳೆಯಷ್ಟು ಮೇಲೆ ನಿಲ್ಲಿಸಿ
ಅಳತೆ ನೋಡಿದಳು.
ಅವನದು ತುಸು ದೊಡ್ಡದು.

ಟವೆಲು ಮಡಿಸಿ, ಡಬ್ಬಿ ಮುಚ್ಚಿ,
ನನ್ನ ಫೀಸು ಇಪ್ಪತ್ತೈದು ಎಣಿಸಿಟ್ಟು ಹೊರಟಳು.
ಕೆಸರಿನ ತನಕ ಹಿಂದೆ ಹೋದೆ,
ಬೇರೇನು ಹೇಳಬೇಕೋ ತಿಳಿಯದೆ
ಅದನ್ನೇ ಇನ್ನೊಮ್ಮೆ ಹೇಳಿದೆ.