ಹತ್ತು ಪಾಲು ತಾಮ್ರ

ಕಸಬಾ ಪೇಟೆಯಲ್ಲಿ ಬೆಳಕಿಗಿಂತ ಮೊದಲು
ಸುತ್ತಿಗೆ ಏಳುತ್ತದೆ.
ತಾಂಬಟ ಆಳಿಯ ಮಹಡಿ ಕೋಣೆ, ಬಾಡಿಗೆ ಕಡಿಮೆ;
ಯಾಕೆ ಕಡಿಮೆಯೆಂದು ಮೊದಲ ಬೆಳಗ್ಗೆಯೇ ತಿಳಿಯಿತು.
ಈಗ ನಾಲ್ಕು ವರ್ಷ. ಸದ್ದು ನಿಂತರೆ
ಎಚ್ಚರಾಗುತ್ತದೆ.

ಕೆಳಗೆ ದತ್ತೋಬಾ ಪೋಟಫೋಡೆ
ಕಾಲ ಹೆಬ್ಬೆರಳಲ್ಲಿ ಹಂಡೆ ಒತ್ತಿ ತಿರುಗಿಸುತ್ತ
ಪೆಟ್ಟಿನ ಪಕ್ಕ ಪೆಟ್ಟು ಇಡುತ್ತಾನೆ,
ಮೀನಿನ ಹುರುಪೆಯ ಹಾಗೆ, ಒಂದರ ಮೇಲೊಂದು ತುಸುವೇ ಹತ್ತಿ.
ಕಿವಿ ಎಂದೋ ಹೋಗಿದೆ. ತುಟಿ ನೋಡಿ ಕೇಳುತ್ತಾನೆ.
ನನ್ನ ಜತ್ತ ಕಡೆಯ ಮರಾಠಿ ಅವನ ಕಣ್ಣಿಗೆ ತೊಡಕು;
ಎರಡೆರಡು ಸಲ ಹೇಳಬೇಕು, ಎಲ್ಲವನ್ನೂ.

"ಅಲ್ಲಿ ಪಾಷಾಣದಲ್ಲಿ ಏನು ಮಾಡ್ತೀ?"
(ಆ ಹೆಸರು ಕೇಳಿ ಅವ್ವ ಬೆಚ್ಚಿದ್ದಳು:
ಹೋಗಿ ಹೋಗಿ ಅಂಥಾ ಊರಿಗಾ?)
"ತಾಮ್ರದ ಕೆಲಸವೇ" ಎಂದೆ.
ನಕ್ಕ. ನನ್ನ ಅಂಗೈ ಮಗುಚಿ ನೋಡಿದ:
ಒಂದು ದಡ್ಡೂ ಇಲ್ಲ.

ಹೇಗೆ ಹೇಳಲಿ?
ಒಂದು ಉಂಗುರವಿದೆ, ಆರು ಕಾರ್ಬನ್ ಕೈಕೈ ಹಿಡಿದದ್ದು.
ಮೂಲೆಯಲ್ಲಿ ಅಯೋಡೀನು, ದಪ್ಪನೆಯ ಬಾಡಿಗೆದಾರ,
ನೂಕಿದರೆ ಹೊರಡುವವ.
ಅವನ ಜಾಗಕ್ಕೆ ಬರಬೇಕಾದ್ದು
ಮೂರು ಫ್ಲೋರೀನು ಹೊತ್ತ ಇನ್ನೊಂದು ಕಾರ್ಬನ್.
ತಾನಾಗಿ ಬರುವುದಿಲ್ಲ. ಒಂಟಿಯಾಗಿ ಬಿಟ್ಟರೆ
ಅರೆಗಳಿಗೆಯಲ್ಲಿ ತನ್ನನ್ನೇ ಹರಿದುಕೊಳ್ಳುತ್ತದೆ.
ಲೋಹವೊಂದು ಎರಡನ್ನೂ ಹಿಡಿಯಬೇಕು,
ಹತ್ತಿರ ತಂದು,
ಬಿಡಬೇಕು.

ಹಿಡಿಯುವುದು ಯಾವುದಕ್ಕೂ ಬರುತ್ತದೆ.
ಪಲ್ಲಾಡಿಯಂ, ಗ್ರಾಮಿಗೆ ಚಿನ್ನದ ಬೆಲೆ,
ಹಿಡಿದರೆ ಹಿಡಿದದ್ದೇ. ಎರಡು ಚಳಿಗಾಲ
ಅದರ ಮುಷ್ಟಿ ಬಿಡಿಸುವುದರಲ್ಲೇ ಹೋಯಿತು:
ಡೊಳ್ಳು ಫಾಸ್ಫೀನುಗಳನ್ನು ಹೆಗಲಿಗೆ ಕೂರಿಸಿ,
ನೂರ ಮೂವತ್ತರ ಎಣ್ಣೆಯಲ್ಲಿ ಕಾಯಿಸಿ,
ಕೊನೆಗೆ ಫ್ಲಾಸ್ಕಿನ ಗೋಡೆಗೊಂದು ಕಪ್ಪು ಕನ್ನಡಿ,
ಅದರಲ್ಲಿ ನನ್ನ ಮುಖ.

ಆಮೇಲೆ ಈ ಅಗ್ಗದ ತಾಮ್ರ.
ಆರ್ಗಾನ್ ತುಂಬಿದ ಪೆಟ್ಟಿಗೆಗೆ ರಬ್ಬರು ತೋಳು ತೂರಿಸಿ
ಅಯೊಡೈಡಿನ ಬಿಳಿ ಪುಡಿ ತೂಗಿದೆ, ಹತ್ತೊಂಬತ್ತು ಮಿಲಿಗ್ರಾಮು.
ಫಿನಾಂತ್ರೊಲೀನು ಬಿದ್ದೊಡನೆ ಇಟ್ಟಿಗೆಗೆಂಪು.
ಹಸಿರಿಗೆ ತಿರುಗಿದರೆ ಗಾಳಿ ನುಗ್ಗಿತೆಂದೇ ಲೆಕ್ಕ,
ದೇವರ ತಂಬಿಗೆಗೆ ಹಿಡಿಯುವ ಅದೇ ಕಿಲುಬು.

ಮೂವತ್ತೇಳು ಸಲ ಏನೂ ಇಲ್ಲ,
ಇಲ್ಲವೇ ಅರ್ಧ ಇದು, ಅರ್ಧ ಒಂದು ಕಾರ್ಬನ್ ಉದ್ದದ್ದು,
ಕರೆಯದೆ ಬಂದ ನೆಂಟ.
ಮೂವತ್ತೆಂಟನೆಯದಕ್ಕೆ, ಭಾನುವಾರ ರಾತ್ರಿ,
ಕಾಂತದ ಯಂತ್ರ ಉಸಿರಾಡುವ ಕೋಣೆಯಲ್ಲಿ,
ಪರದೆಯ ಮೇಲೆ ಒಂದೇ ಗೆರೆ, ನೆಟ್ಟಗೆ:
ಮೈನಸ್ ಅರವತ್ತೆರಡು ಪಾಯಿಂಟ್ ಏಳು.
ಬೇರೆ ಯಾರೂ ಇರಲಿಲ್ಲ. ಕಾವಲಿನ ಗೇನೂ ಶೇಲಾರನನ್ನು
ಕರೆದು ತೋರಿಸಿದೆ.
"ಇದು ಒಳ್ಳೇದಾ?"
ಒಳ್ಳೇದು ಎಂದೆ. ಜೇಬಿನಿಂದ
ಅರ್ಧ ಮುರಿದ ಚಿಕ್ಕಿ ಕೊಟ್ಟ.

ಬೆಳಗ್ಗೆ ದತ್ತೋಬಾನಿಗೆ ಹೇಳಿದೆ, ಎರಡೆರಡು ಸಲ:
ನೂರು ಉಂಗುರಕ್ಕೆ ಹತ್ತೇ ಪಾಲು ತಾಮ್ರ ಸಾಕು,
ದುಡಿದು ಸವೆಯುವುದಿಲ್ಲ,
ಒಂದು ಜೋಡಿ ಸೇರಿಸಿ, ಕೈ ಕೊಡವಿ, ಇನ್ನೊಂದರ ಕಡೆ ಹೊರಡುತ್ತದೆ.
ಸೇರಿದ್ದನ್ನು ಮಾತ್ರ ಬಿಡಿಸುವುದು ಕಷ್ಟ,
ಯಕೃತ್ತೂ ಕಚ್ಚಿ ಸೋಲುತ್ತದೆ; ಅದಕ್ಕೇ
ಮಾತ್ರೆ ಮೈಯಲ್ಲಿ ಒಂದು ಹಗಲು ಹೆಚ್ಚು ನಿಲ್ಲುತ್ತದೆ.
ಮುಠಾ ಹೊಳೆಯ ನೀರಲ್ಲಿ ಎಷ್ಟು ಹಗಲು,
ಅದನ್ನು ಹೇಳಲಿಲ್ಲ.

ಅವನು ಕೇಳಿದ್ದು ಬೇರೆ:
"ಕೆಲಸ ಮುಗಿದ ಮೇಲೆ ಆ ಹತ್ತು ಪಾಲು ಎಲ್ಲಿ?"

ತೊಳೆದುಬಿಡುತ್ತೇವೆ. ಅಮೋನಿಯಾ ನೀರಿಗೆ
ಕಡುನೀಲಿಯಾಗಿ ಇಳಿಯುತ್ತದೆ, ನೋಡಲು ಚಂದ.
ಭಾರಲೋಹ ಎಂದು ಬರೆದ ಡಬ್ಬ. ತಿಂಗಳಿಗೊಮ್ಮೆ ಲಾರಿ.
ಸವೆಯುವುದಿಲ್ಲ ಎಂದಿದ್ದೆನಲ್ಲ...
ನನ್ನ ತುಟಿಯನ್ನೇ ನೋಡುತ್ತಿದ್ದ, ಎರಡನೆಯ ಸಲಕ್ಕೆ ಕಾದು.

ಆಮೇಲೆ ಎದ್ದು ಗೋಣಿತಟ್ಟು ಕೊಡವಿದ.
ಕತ್ತರಿಸಿದ ಚೂರು, ಅರದ ಪುಡಿ, ಎಲ್ಲ ಮೊರಕ್ಕೆ ಬಳಿದು
ತಗಡಿನ ಡಬ್ಬಕ್ಕೆ ಸುರಿದ,
ಹೊಸ್ತಿಲ ಸಂದಿಯ ಒಂದು ಎಳೆಯನ್ನೂ
ಉಗುರಿನಿಂದ ಎತ್ತಿ.

ಪಾಷಾಣದ ಬಸ್ಸು ಏಳೂವರೆಗೆ.
ಕಿಟಕಿಯ ಬಿಸಿಲಿಗೆ ಕಂಡಿತು, ನನ್ನ ತೋಳಿಗೆ ಅಂಟಿಕೊಂಡು
ಕೂದಲೆಳೆಯಷ್ಟು ತಾಮ್ರ.
ಚೀಟಿಯಲ್ಲಿ ಮಡಚಿ ಇಟ್ಟುಕೊಂಡೆ.
ಸಂಜೆ ಮರಳಿ ಕೊಡಬೇಕು.