ಬಾರದ ಸಾಲ

ಬಿಬಿಎಗೆ ಸೇರುವ ಮುಂಚೆ ಮೂರು ಪೇಪರು ಪಾಸಾಗಬೇಕಂತೆ:
ಗಣಿತ, ಇಂಗ್ಲಿಷು, ಲೆಕ್ಕಪತ್ರದ ಮೊದಲ ಪಾಠ.
ಹನ್ನೊಂದು ವರ್ಷ ಮುಹರ್ರಕ್‌ನ ಕೋಲ್ಡ್ ಸ್ಟೋರಿನ
ಗಲ್ಲಾದಲ್ಲಿ ಕೂತವನು ನಾನು, ಅಂದೆ.
ಕೌಂಟರಿನ ಹುಡುಗಿ ಹುಡುಕಿದಳು, ಪಾಪ,
ಅನುಭವಕ್ಕೆ ಅವಳ ಫಾರಮ್ಮಿನಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ಮಗ್ರಿಬ್ ಮುಗಿಸಿ, ಬೀಗದ ಕೈ ಒಪ್ಪಿಸಿ,
ಬೆರಳಲ್ಲಿನ್ನೂ ಈರುಳ್ಳಿ ಸಿಪ್ಪೆಯ ವಾಸನೆ,
ಹಿಂದಿನ ಬೆಂಚು. ಮುಂದೆಲ್ಲ ಹದಿನೆಂಟರ ಮಕ್ಕಳು,
ಮೊದಲ ದಿನ ನನ್ನನ್ನು ಮೇಷ್ಟ್ರೆಂದು ಎದ್ದು ನಿಂತವರು.

ಗಣಿತದಲ್ಲಿ ಎಕ್ಸ್ ಅಂದರೆ ಗೊತ್ತಿಲ್ಲದ್ದು.
ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ.
ನಮ್ಮ ಸಾಲದ ಪುಸ್ತಕಕ್ಕೆ ಎಡಬಲ ಇಲ್ಲ:
ನೀಲಿ ಗೇಟಿನ ಅಮ್ಮ, ಹಾಲು ಎರಡು.
ಕ್ರೇನಿನ ನೇಪಾಳಿ, ಫೋನ್ ಕಾರ್ಡು, ಮೊಟ್ಟೆ, ಫೋನ್ ಕಾರ್ಡು.

ನಿನ್ನೆ ಬಾರದ ಸಾಲದ ಪಾಠ.
ವಸೂಲಾಗದ್ದನ್ನು ನಷ್ಟಕ್ಕೆ ಬರೆದು
ಖಾತೆ ಮುಚ್ಚಿಬಿಡಿ, ಅಂದರು ಮೇಡಂ.
ಪೆನ್ನು ಅಲ್ಲೇ ನಿಂತಿತು.

ಹದಿನಾಲ್ಕು ದಿನಾರ್, ಮುನ್ನೂರು ಫಿಲ್ಸ್.
ಮೇ ತಿಂಗಳಲ್ಲಿ ಅವನ ರೂಮಿನವರು ಬಂದು
ಹೆಸರು ಹೇಳಿದರು. ಅಲ್ಲಿಯವರೆಗೆ
ನನಗದು ಗೊತ್ತಿರಲಿಲ್ಲ.
ಪೆಟ್ಟಿಗೆ ಮರುದಿನದ ವಿಮಾನಕ್ಕೆ.
ದುಡ್ಡು ಎಣಿಸುತ್ತ ನಿಂತವರನ್ನು ಇದಿನಬ್ಬ ಕಾಕ ವಾಪಸು ಕಳಿಸಿದರು.
ಪುಟ ಹರಿಯಲಿಲ್ಲ, ಮೊತ್ತಕ್ಕೆ ಗೀಟೂ ಎಳೆಯಲಿಲ್ಲ.
ಕ್ರೇನಿನ ನೇಪಾಳಿ ಅನ್ನುವುದನ್ನಷ್ಟೇ ಹೊಡೆದು
ಮೇಲೆ ಬರೆಸಿದರು, ನನ್ನ ಕೈಯಲ್ಲೇ:
ಖಿಮ್ ಬಹಾದುರ್ ಘರ್ತಿ.

ಪರೀಕ್ಷೆಯಲ್ಲಿ ಕೇಳಿದರೆ ಬರೆಯುತ್ತೇನೆ,
ನಷ್ಟ, ಎಡಕ್ಕೆ.
ಪಾಸಾಗಬೇಕಲ್ಲ.